ಸೇವೆಗೂ ರಜೆಯುಂಟೆ?

ರೋಗಿಗಳ ಶುಶ್ರೂಷೆಗೆಂದು ದೂರ ದೇಶಕ್ಕೆ ಹೊರಟವರು ಹಬ್ಬವೆಂದು, ರಜೆಯೆಂದು ನಡುವೆ ಮನೆಗೆ ಮರಳುವುದು ಸರಿಯೆ? ಧರ್ಮಾರ್ಥ ಆಸ್ಪತ್ರೆಯ ಹಡಗುಗಳ ಮಾತು ಬಂದಾಗ ಯಾರಾದರೊಬ್ಬರು ಈ ಪ್ರಶ್ನೆಯನ್ನು ಎತ್ತುವುದುಂಟು. ಸೇವೆಯೆಂದ ಮೇಲೆ ಮನೆಯ ಹಂಬಲವೇಕೆ ಎಂಬುದು ಅವರ ವಾದ. ಕೇಳುವುದಕ್ಕೆ ಉದಾತ್ತವಾಗಿ ತೋರುವ ಈ ವಾದವನ್ನು ನಾವು ಒಪ್ಪಲಾರೆವು. ಅದೇಕೆಂಬುದನ್ನು ನಮ್ಮ ವಿದ್ಯಾರ್ಥಿಮಿತ್ರರ ಮುಂದಿಡುವುದಕ್ಕಾಗಿ ಈ ಪುಟವನ್ನು ಬಳಸಿಕೊಂಡಿದ್ದೇವೆ.

ಮೊದಲು ಹಡಗಿನ ಸಂಗತಿ. 1978ರಲ್ಲಿ ಸ್ಥಾಪಿತವಾದ ‘ಮರ್ಸಿ ಶಿಪ್ಸ್’ ಎಂಬ ಸಂಸ್ಥೆಗೆ ‘ಆಫ್ರಿಕಾ ಮರ್ಸಿ’ ಎಂಬ ಹಡಗೊಂದಿದೆ. ಅದು ಹುಟ್ಟುವಾಗಲೇ ಆಸ್ಪತ್ರೆಯಾಗಿರಲಿಲ್ಲ. ಡೆನ್ಮಾರ್ಕ್ ದೇಶದ ಎರಡು ದ್ವೀಪಗಳ ನಡುವಣ ಜಲಸಂಧಿಯಲ್ಲಿ ರೈಲುಗಾಡಿಗಳನ್ನು ಹೊತ್ತು ದಾಟಿಸುವುದು ಅದರ ಕಸುಬಾಗಿತ್ತು. 1997ರಲ್ಲಿ ಅಲ್ಲಿ ರೈಲುಮಾರ್ಗವೇ ಸಿದ್ಧವಾಗಲು ಹಡಗಿಗೆ ಕೆಲಸ ತಪ್ಪಿತು. ಸಂಸ್ಥೆಯವರು ಅದನ್ನು ಕೊಂಡು, ರೈಲುಗಾಡಿಗಳು ನಿಲ್ಲುತ್ತಿದ್ದ ಅಂತಸ್ತಿನಲ್ಲಿಯೇ ಶಸ್ತ್ರಚಿಕಿತ್ಸೆಯ ಕೋಣೆಗಳನ್ನೂ ವಾರ್ಡುಗಳನ್ನೂ ಕಟ್ಟಿಸಿ, 2007ರಿಂದ ಆಫ್ರಿಕಾದ ಬಂದರುಗಳಿಗೆ ಕಳುಹಿಸತೊಡಗಿದರು. ಲೈಬೀರಿಯ, ಬೆನಿನ್, ಟೋಗೋ, ಸಿಯೆರಾ ಲಿಯೋನ್, ಮಡಗಾಸ್ಕರ್ ಮೊದಲಾದ ದೇಶಗಳಲ್ಲಿ ಅದು ತಿಂಗಳುಗಟ್ಟಲೆ ಲಂಗರು ಹಾಕಿ ನಿಂತಿದೆ. ಕಣ್ಣಿಗೆ ಪೊರೆ ಬಂದ ಮುದುಕರು, ತುಟಿ ಸೀಳಿ ಹುಟ್ಟಿದ ಕೂಸುಗಳು, ಕಾಲು ಸೊಟ್ಟಗಾದ ಬಾಲಕರು, ದವಡೆಯ ಗೆಡ್ಡೆಯಿಂದ ಮುಖವನ್ನೇ ಮರೆಸಿಕೊಂಡು ಬದುಕಿದವರು, ಹೆರಿಗೆಯಲ್ಲಿ ಗಾಯಗೊಂಡು ಮನೆಯವರಿಗೂ ಬೇಡವಾದ ತಾಯಂದಿರು ಅದರ ಏಣಿಯನ್ನು ಹತ್ತುತ್ತಾರೆ. ಶಸ್ತ್ರಚಿಕಿತ್ಸೆಗೆ ಅವರಿಂದ ಶುಲ್ಕ ಪಡೆಯುವುದಿಲ್ಲ. ವಾರ್ಡಿನಲ್ಲಿ ಜಾಗ ಕಿರಿದು. ರೋಗಿಯ ಜೊತೆಗೆ ಬಂದ ತಾಯಿಯೋ ಅಕ್ಕನೋ ಮಂಚದ ಕೆಳಗೆ ಹಾಸಿದ ಹಾಸಿಗೆಯಲ್ಲಿ ಮಲಗುವುದು ವಾಡಿಕೆ.

ಇಲ್ಲಿ ದುಡಿಯುವ ಸ್ವಯಂಸೇವಕರಿಗೆ ಸಂಬಳವಿಲ್ಲ. ಅವರಲ್ಲಿ ಬಹುಮಂದಿ ಪ್ರಯಾಣದ ಖರ್ಚನ್ನು ತಾವೇ ಭರಿಸುತ್ತಾರೆ, ಇಲ್ಲವೆ ಬಂಧುಮಿತ್ರರಿಂದ ಕೂಡಿಸಿ ತರುತ್ತಾರೆ. ವೈದ್ಯರು, ದಾದಿಯರು ಮಾತ್ರವೇ ಅಲ್ಲ; ಅಡಿಗೆಯವರು, ವಿದ್ಯುತ್ ಕೆಲಸದವರು, ಯಂತ್ರ ನೋಡುವವರು, ಹಡಗಿನಲ್ಲಿ ವಾಸಿಸುವ ಸಿಬ್ಬಂದಿಯ ಮಕ್ಕಳಿಗೆ ಪಾಠ ಹೇಳುವ ಉಪಾಧ್ಯಾಯರು, ಎಲ್ಲರೂ ಬೇಕು. ಕೆಲವರು ಎರಡು ವಾರಕ್ಕೆ ಬಂದರೆ ಕೆಲವರು ವರ್ಷಗಟ್ಟಲೆ ನಿಲ್ಲುತ್ತಾರೆ. ಗ್ಯಾರಿ ಪಾರ್ಕರ್ ಎಂಬ ಶಸ್ತ್ರವೈದ್ಯರು 1987ರಲ್ಲಿ ಕೆಲವು ತಿಂಗಳ ಮಟ್ಟಿಗೆಂದು ಬಂದವರು, ಮೂರು ದಶಕಗಳಿಗೂ ಮಿಕ್ಕಿ ಹಡಗಿನ ಕೆಲಸದಲ್ಲಿಯೇ ಉಳಿದರು. ಸಂಸಾರವನ್ನೂ ಅಲ್ಲಿಯೇ ಹೂಡಿದರು.

ಪಾರ್ಕರರಂಥವರಿಗೆ ಕೈಮುಗಿಯೋಣ. ಆದರೆ ಎಲ್ಲರೂ ಅವರಂತೆಯೇ ಆಗಬೇಕೆಂದು ಪಟ್ಟು ಹಿಡಿದರೆ ಹಡಗು ಬಂದರನ್ನು ಬಿಟ್ಟು ಕದಲದು. ಅಷ್ಟು ಮಂದಿ ಪಾರ್ಕರರು ಎಲ್ಲಿಂದ ಬರಬೇಕು? ತನ್ನ ಊರಿನ ಆಸ್ಪತ್ರೆಯಲ್ಲಿ ನೌಕರಿಯುಳ್ಳ, ವೃದ್ಧ ತಂದೆತಾಯಿಗಳುಳ್ಳ, ಕ್ರಿಸ್ಮಸ್ಸಿಗೆ ಮನೆಯ ಊಟ ಬೇಕೆನ್ನುವ ಸಾಮಾನ್ಯ ದಾದಿಯೊಬ್ಬಳು ತನ್ನ ವರ್ಷದ ರಜೆಯನ್ನು ಕೂಡಿಟ್ಟು ಬರುವುದರಿಂದಲೇ ವಾರ್ಡು ನಡೆಯುತ್ತದೆ. ಮನೆಗೆ ಹೋಗಬಾರದೆಂಬ ನಿಯಮವಿದ್ದಿದ್ದರೆ ಅವಳು ಬರುತ್ತಲೇ ಇರಲಿಲ್ಲ. ಹಡಗಿಗೂ ಆಗಾಗ ದುರಸ್ತಿಗೆಂದು ಬಿಡುವು ಕೊಡುತ್ತಾರೆ. ಮನುಷ್ಯರಿಗೆ ಕೊಟ್ಟರೆ ಮಾತ್ರ ನಮಗೇಕೆ ಕಸಿವಿಸಿ?

ಹೀಗೆಂದ ಮಾತ್ರಕ್ಕೆ ಎದುರುವಾದದಲ್ಲಿ ಹುರುಳಿಲ್ಲವೆಂದಲ್ಲ. ದಾದಿಯರು ವಾರವಾರಕ್ಕೂ ಬದಲಾದರೆ ರೋಗಿ ಮತ್ತೆ ಮತ್ತೆ ಹೊಸ ಮುಖವನ್ನು ನೋಡಬೇಕು. ಹೊಸಬರಿಗೆ ಕೆಲಸ ಕಲಿಸುವುದರಲ್ಲಿ ಹಳಬರ ಹೊತ್ತು ಹೋಗುತ್ತದೆ. ಹಡಗೇ ಒಂದು ದಿನ ಹೊರಟುಹೋಗುವುದು ಇದಕ್ಕಿಂತ ದೊಡ್ಡ ತೊಡಕು. ಅದಕ್ಕಾಗಿಯೇ ಸ್ಥಳೀಯ ವೈದ್ಯರಿಗೂ ದಾದಿಯರಿಗೂ ತರಬೇತಿ ಕೊಡುವುದನ್ನು ಸಂಸ್ಥೆ ತನ್ನ ಕೆಲಸದ ಭಾಗವಾಗಿ ಮಾಡಿಕೊಂಡಿದೆ. ಈ ತರಬೇತಿಯೇ ಶಸ್ತ್ರಚಿಕಿತ್ಸೆಗಿಂತ ಹೆಚ್ಚು ಬಾಳುವುದೆಂದು ನಮಗೆ ತೋರುತ್ತದೆ.

ಇನ್ನು ಮನೆಗೆ ಬಂದವರ ಪಾಡು. ಹಡಗಿನಲ್ಲಿ ನೀರಿಗೆ ಮಿತಿಯುಂಟು, ಸ್ನಾನವನ್ನು ಎರಡು ನಿಮಿಷದಲ್ಲಿ ಮುಗಿಸಬೇಕು. ಅಂಥಲ್ಲಿಂದ ಬಂದವರಿಗೆ ಮನೆಯ ನಲ್ಲಿಯ ಧಾರಾಳವೇ ವಿಚಿತ್ರವೆನಿಸಿದರೆ ಆಶ್ಚರ್ಯವಿಲ್ಲ. ಬಂಧುಗಳು ಮೊದಲು ಸಂಬಳವೆಷ್ಟೆಂದು ಕೇಳುತ್ತಾರೆ. ಇಲ್ಲವೆಂದು ತಿಳಿದೊಡನೆ ‘ತ್ಯಾಗಮೂರ್ತಿ’ ಎಂದು ಹೊಗಳಿ, ಹಾರ ಹಾಕಿ, ಮಾತನ್ನು ಬೇರೆಡೆಗೆ ತಿರುಗಿಸುತ್ತಾರೆ. ಈ ಹೊಗಳಿಕೆಯ ಮೇಲೆ ನಮಗೆ ಗುಮಾನಿಯಿದೆ. ಒಬ್ಬರನ್ನು ಪೀಠದ ಮೇಲೆ ಕೂರಿಸಿದರೆ ಅವರ ಪಕ್ಕದಲ್ಲಿ ನಿಂತು ಕೆಲಸ ಮಾಡುವ ಹೊಣೆ ನಮಗೆ ತಪ್ಪುತ್ತದೆಯಲ್ಲವೆ? ಹಾರದ ಬದಲು ಆ ವಾರ್ಡಿನ ಮಗುವಿನ ಹೆಸರೇನು, ಅದು ಈಗ ಹೇಗಿದೆ ಎಂದು ಕೇಳಿದ್ದರೆ ಬಂದವರಿಗೆ ಎಷ್ಟೋ ಹಿತವಾಗುತ್ತಿತ್ತು.

ಆಫ್ರಿಕಾ ಬಹುದೂರವೆನ್ನುವವರು ನಮ್ಮ ಮುಂಬಯಿಯನ್ನೇ ನೋಡಬಹುದು. ಅಲ್ಲಿ ರೈಲು ಹೊರುವ ಹಡಗು ಆಸ್ಪತ್ರೆಯಾದರೆ ಇಲ್ಲಿ ರೈಲೇ ಆಸ್ಪತ್ರೆಯಾಯಿತು. 1991ರ ಜುಲೈ ತಿಂಗಳಲ್ಲಿ ಈ ನಗರದಿಂದಲೇ ಹೊರಟ ‘ಲೈಫ್‌ಲೈನ್ ಎಕ್ಸ್‌ಪ್ರೆಸ್’ ಹಳ್ಳಿಗಾಡಿನ ನಿಲ್ದಾಣಗಳಲ್ಲಿ ನಿಂತು ಕಣ್ಣು, ಕಿವಿ, ತುಟಿ, ಕೈಕಾಲುಗಳ ಶಸ್ತ್ರಚಿಕಿತ್ಸೆಯನ್ನು ಉಚಿತವಾಗಿ ಮಾಡುತ್ತ ಬಂದಿದೆ. ಪಟ್ಟಣದ ವೈದ್ಯರು ಕೆಲವೇ ದಿನಗಳನ್ನು ಕೊಟ್ಟು ತಮ್ಮ ತಮ್ಮ ಮನೆಗೆ ಮರಳುತ್ತಾರೆ, ರೈಲು ನಿಂತಿಲ್ಲ.

ಅಷ್ಟು ದೂರವೂ ಬೇಡ. ಹೋಟೆಲುಗಳಲ್ಲಿ ದುಡಿಯುತ್ತಿದ್ದ ಹುಡುಗರಿಗಾಗಿ ಈ ನಗರದ ಕನ್ನಡಿಗರು ನಡೆಸಿದ ರಾತ್ರಿ ಶಾಲೆಗಳಲ್ಲಿ ಹಗಲೆಲ್ಲ ಕಚೇರಿಯಲ್ಲಿ ದುಡಿದವರು ಸಂಜೆ ಬಂದು ಪಾಠ ಹೇಳಿದರು. ಮೇ ತಿಂಗಳು ಬಂತೆಂದರೆ ಅವರೂ ಎಲ್ಲರಂತೆ ಟ್ರಂಕು ಕಟ್ಟಿ ಊರಿಗೆ ಹೋದರು, ಹಲಸಿನ ಹಪ್ಪಳದ ಕಟ್ಟಿನೊಡನೆ ಮರಳಿದರು, ಜೂನಿನ ಮಳೆಯಲ್ಲಿ ಕೊಡೆ ಮಡಿಸಿ ಮೂಲೆಗಿಟ್ಟು ಮತ್ತೆ ಸೀಮೆಸುಣ್ಣ ಹಿಡಿದರು. ಊರಿಗೆ ಹೋದರೆಂದು ಅವರನ್ನು ಆಕ್ಷೇಪಿಸಿದ ಹುಡುಗನೊಬ್ಬನೂ ಇದ್ದಿರಲಾರ. ಹಪ್ಪಳ ಎಲ್ಲಿ ಎಂದು ಕೇಳಿದವರು ಬೇಕಾದಷ್ಟು ಮಂದಿ ಇದ್ದಿರಬೇಕು.