ಹೆಲ್ಮೆಟ್ ಮೇಲೆ ಸಿಂಬೆ ನಿಲ್ಲಲ್ಲ, ಸಾಹೇಬ್ರೇ

ಹಾಸ್ಟೆಲ್ ಗೆಳೆಯರೇ,

ಉಗಾದಿ ಕಳೆದ ಮೇಲೆ ಒಂದು ರಾತ್ರಿ ಕೂಡ್ಲಿಗಿಯ ಬಸ್ ಸ್ಟ್ಯಾಂಡಿಗೆ ಹೋಗಿ ನಿಂತು ನೋಡಿ. ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಯಾವುದಾದರೂ ಸರಿ, ನೋಟ ಒಂದೇ. ಗೋಣಿಚೀಲ, ಪ್ಲಾಸ್ಟಿಕ್ ಕೊಡ, ಹೆಗಲ ಮೇಲೆ ಮಲಗಿದ ಕೂಸು. ನಮ್ಮ ಕೇರಿ, ನಮ್ಮ ತಾಂಡಾ ಗಂಟು ಕಟ್ಟಿಕೊಂಡು ಹೊರಟಿರುತ್ತವೆ. ಕೆಲವರು ಕಾಫಿ ತೋಟಕ್ಕೆ, ಕೆಲವರು ಕಬ್ಬು ಕಡಿಯೋಕೆ, ಉಳಿದವರು ಬೆಂಗಳೂರಿನ ಬಿಲ್ಡಿಂಗ್ ಕೆಲಸಕ್ಕೆ. ಸರ್ಕಾರದ ಕಡತದಲ್ಲಿ ಇದು ವಲಸೆ. ನಮ್ಮ ಬಾಯಲ್ಲಿ ಗುಳೆ. ಎರಡು ಬೆಳೆ ತೆಗೆಯೋ ಹೊಲ ಇದ್ದವನು ಗುಳೆ ಹೋಗೋದನ್ನ ನಾನಂತೂ ನೋಡಿಲ್ಲ.

ಹಿಂಗೆ ಹೋದವರಿಗೆ ಅಲ್ಲಿ 'ಸುರಕ್ಷತಾ ತರಬೇತಿ' ಕೊಡ್ತಾರೆ. ನಾನೂ ಕೂತಿದ್ದೇನೆ. ಬಿ.ಎ. ಎರಡನೇ ವರ್ಷದ ರಜದಲ್ಲಿ ಸೆಂಟ್ರಿಂಗ್ ಕೆಲಸಕ್ಕೆ ಹೋಗಿದ್ದಾಗಿನ ಮಾತು. ಯಾವ ಕಂಪನಿ ಅನ್ನೋದು ಇಲ್ಲಿ ಬೇಡ. ಬೆಳಿಗ್ಗೆ ಎಂಟಕ್ಕೆ ಸಾಲಾಗಿ ನಿಲ್ಲಿಸೋರು. ಅದಕ್ಕೆ 'ಟೂಲ್ ಬಾಕ್ಸ್ ಟಾಕ್' ಅಂತ ಹೆಸರು. ಹತ್ತು ನಿಮಿಷ, ಅರ್ಧ ಹಿಂದಿ, ಅರ್ಧ ಇಂಗ್ಲಿಷು. ನಮ್ಮ ಗುಂಪಿನ ಹಿರಿಯರೊಬ್ಬರು ನನ್ನ ಕಿವಿಯಲ್ಲಿ ಕೇಳಿದರು: "ಏನಂತಾನೋ ತಮ್ಮ ಅವನು?"

"ಬೀಳಬ್ಯಾಡ್ರಿ ಅಂತಾನ ದೊಡ್ಡಪ್ಪ."

"ಅದನ್ನ ನಮ್ಮವ್ವ ಊರಾಗೇ ಹೇಳಿ ಕಳಿಸ್ಯಾಳ."

ಆಮೇಲೆ ರಿಜಿಸ್ಟರ್ ಬರೋದು. ಬರೋರು ಸಹಿ, ಬಾರದೋರು ಹೆಬ್ಬೆಟ್ಟು. ತರಬೇತಿಯ ಅಸಲಿ ಕೆಲಸ ಈ ಹೆಬ್ಬೆಟ್ಟು, ಗೆಳೆಯರೇ. ನಾಳೆ ಆ ದೊಡ್ಡಪ್ಪ ಮೂರನೇ ಮಹಡಿಯಿಂದ ಬಿದ್ದರೆ ಅವರ ಹೆಬ್ಬೆಟ್ಟೇ ಅವರ ವಿರುದ್ಧ ಸಾಕ್ಷಿ ಹೇಳುತ್ತದೆ: ನಾವು ಹೇಳಿಕೊಟ್ಟಿದ್ದೆವು, ಇವನೇ ಕೇಳಲಿಲ್ಲ!

ಇಲ್ಲೇ ನನ್ನ ತಕರಾರು. ಕೂಲಿಯವನು ತಿಳಿಯದೆ ಸಾಯ್ತಾನೆ, ತಿಳಿಸಿಬಿಟ್ಟರೆ ಬದುಕ್ತಾನೆ ಅನ್ನೋದು ಈ ತರಬೇತಿಯ ಹೊಟ್ಟೆಯೊಳಗಿರುವ ಸುಳ್ಳು. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಕುಸಿದು 19 ಜನ ಸತ್ತರು. ಅವರಿಗೆ ಏನು ಕಲಿಸಬೇಕಿತ್ತು? 2024ರ ಅಕ್ಟೋಬರ್ 22ರಂದು ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ ಅನುಮತಿ ಮೀರಿ ಎಬ್ಬಿಸಿದ ಕಟ್ಟಡ ಮಳೆಯಲ್ಲಿ ಕುಸಿಯಿತು. ಒಂಬತ್ತು ಮಂದಿ ಕೆಲಸಗಾರರು ಹೋದರು. ಇಡೀ ಕಟ್ಟಡ ತಲೆ ಮೇಲೆ ಬಂದರೆ ಹೆಲ್ಮೆಟ್ ಏನು ಮಾಡೀತು? ಪಾಠ ಬೇಕಿದ್ದದ್ದು ಮಹಡಿ ಮೇಲೆ ಮಹಡಿ ಏರಿಸಿದವನಿಗೆ, ಕಂಡೂ ಕಣ್ಣು ಮುಚ್ಚಿದವನಿಗೆ. ಅವರನ್ನ ಬೆಳಿಗ್ಗೆ ಎಂಟಕ್ಕೆ ಯಾರು ಸಾಲಾಗಿ ನಿಲ್ಲಿಸ್ತಾರೆ?

ನಮ್ಮ ಕೊಟ್ಟೂರಿನ ತೇರು 2017ರ ಫೆಬ್ರವರಿಯಲ್ಲಿ ಜನರ ಮೇಲೆ ಉರುಳಿತಲ್ಲ, ಆಗ ಎಲ್ಲರ ಬಾಯಲ್ಲೂ ಬಂದದ್ದು ಅಚ್ಚು, ಚಕ್ರದ ಮಾತು. 2024ರ ಆಗಸ್ಟಿನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನು ತುಂಡಾದಾಗ ಬೈದದ್ದು ಚೈನನ್ನು, ಅದನ್ನ ನೋಡಿಕೊಳ್ಳಬೇಕಾದವರನ್ನು. ತೇರಿನ ಹಗ್ಗ ಎಳೆದವರಿಗೆ ತರಬೇತಿ ಸಾಲದು ಅಂತ ಯಾರೂ ಹೇಳಲಿಲ್ಲ. ಸಾರವೆಯಿಂದ ಕೂಲಿಯವನು ಬಿದ್ದಾಗ ಮಾತ್ರ ಸಾರವೆಯ ಹಗ್ಗ ಯಾರೂ ನೋಡೋದಿಲ್ಲ, ಅವನ ಬಾಯಿ ಮೂಸಿ ನೋಡ್ತಾರೆ.

ಇನ್ನು ಹೆಣ್ಣುಮಕ್ಕಳ ಮಾತು. ತರಬೇತಿಯ ಚಿತ್ರಪಟದಲ್ಲಿ ಹೆಲ್ಮೆಟ್ ಹಾಕಿದ ಗಂಡಸು ನಗುತ್ತಾ ನಿಂತಿರುತ್ತಾನೆ. ನಮ್ಮ ಅವ್ವಂದಿರು, ಅಕ್ಕಂದಿರು ಕಲಸಿದ ಸಿಮೆಂಟಿನ ಬುಟ್ಟಿ ಹೊರೋದು ಎಲ್ಲಿ? ತಲೆ ಮೇಲೆ. ಬುಟ್ಟಿ ಕೆಳಗೆ ಸಿಂಬೆ ಬೇಕು. ಹೆಲ್ಮೆಟ್ ಮೇಲೆ ಸಿಂಬೆ ನಿಲ್ಲಲ್ಲ, ಸಾಹೇಬ್ರೇ! ಒಂದೋ ಹೆಲ್ಮೆಟ್, ಇಲ್ಲಾ ಕೂಲಿ. 1998ರ ಕೇಂದ್ರ ನಿಯಮಗಳ ಪ್ರಕಾರ ಗಂಡಾಳು 55 ಕಿಲೋ, ಹೆಣ್ಣಾಳು 30 ಕಿಲೋ ಮೀರಿ ಒಬ್ಬರೇ ಹೊರುವಂತಿಲ್ಲ. ಸಿಮೆಂಟ್ ಚೀಲ 50 ಕಿಲೋ. ಇದನ್ನ ಯಾವ ಟೂಲ್ ಬಾಕ್ಸ್ ಟಾಕಿನಲ್ಲೂ ನಾನು ಕೇಳಲಿಲ್ಲ. ಇಪ್ಪತ್ತು ವರ್ಷ ಹೊತ್ತರೂ ಆಕೆ 'ಹೆಲ್ಪರ್', ಕರಣಿ ಆಕೆಯ ಕೈಗೆ ಬರೋದೇ ಇಲ್ಲ. ಅದು ಬೇರೆ ಜಗಳ, ಇನ್ನೊಂದು ಸಂಚಿಕೆಗೆ ಇರಲಿ.

ಪೈಪಿನ ಗುಂಡಿಗೆ ಬನ್ನಿ. ಒಂದೂವರೆ ಮೀಟರಿಗಿಂತ ಆಳ ತೋಡಿದರೆ ಪಕ್ಕಕ್ಕೆ ಹಲಗೆ ಕೊಟ್ಟು ಆನಿಸಬೇಕು. ಒಂದು ಘನ ಮೀಟರ್ ಮಣ್ಣು ಅಂದರೆ ಒಂದೂವರೆ ಟನ್ನು. ಎದೆಮಟ್ಟ ಹೂತರೂ ಸಾಕು, ತಲೆ ಮೇಲಿದ್ದರೂ ಪಕ್ಕೆಲುಬು ಏಳಲಾರದೆ ಉಸಿರು ನಿಲ್ಲುತ್ತೆ. ಹಲಗೆಗೆ ದುಡ್ಡು ಬೇಕು, ಉಪದೇಶಕ್ಕೆ ಬೇಡ. ಅದಕ್ಕೇ ಗುಂಡಿಯಲ್ಲಿ ಹಲಗೆ ಇರೋದಿಲ್ಲ, ಗೋಡೆ ಮೇಲೆ 'ಸುರಕ್ಷತೆ ಮೊದಲು' ಇರುತ್ತೆ.

ಮ್ಯಾನ್‌ಹೋಲ್ ವಿಷಯದಲ್ಲಿ ಈ ಮೋಸ ಬೆತ್ತಲಾಗಿ ನಿಲ್ಲುತ್ತದೆ. ತಲೆ ಮೇಲೆ ಮಲ ಹೊರುವುದನ್ನು ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ, 1970ರ ದಶಕದಲ್ಲೇ, ಈ ರಾಜ್ಯದಲ್ಲಿ ನಿಷೇಧಿಸಿದರು. ಆದರೂ 2010ರಲ್ಲಿ ಪಕ್ಕದ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ನಮ್ಮ ಜನ ಪುರಸಭೆ ಮುಂದೆ ಮೈಗೆ ಮಲ ಸುರಿದುಕೊಂಡು ನಿಲ್ಲಬೇಕಾಯಿತು. 2013ರ ಕಾಯ್ದೆ ಬಂತು. ಅದರ ವ್ಯಾಖ್ಯೆ ಓದಿ ನೋಡಿ: ರಕ್ಷಣಾ ಸಲಕರಣೆ ಕೊಡದೆ, ಮುನ್ನೆಚ್ಚರಿಕೆ ಪಾಲಿಸದೆ ಇಳಿಸಿದರೆ ಅದು 'ಅಪಾಯಕಾರಿ ಸ್ವಚ್ಛತೆ'. ಅಂದರೆ ಗ್ಲೌಸು, ಮಾಸ್ಕು, ತರಬೇತಿಯ ಸರ್ಟಿಫಿಕೇಟು ಕೊಟ್ಟು ಇಳಿಸಬಹುದು! 2018ರ ಜನವರಿ 7ರಂದು ಬೆಂಗಳೂರಿನ ಸೋಮಸುಂದರಪಾಳ್ಯದ ಅಪಾರ್ಟ್‌ಮೆಂಟಿನ ಕೊಳಚೆ ಶುದ್ಧೀಕರಣ ಘಟಕದಲ್ಲಿ ಮೂವರು ಸತ್ತರು. 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಒಳಚರಂಡಿಯಲ್ಲಿ ಸತ್ತವರ ಪರಿಹಾರವನ್ನು 30 ಲಕ್ಷಕ್ಕೆ ಏರಿಸಿತು. ಸಂತೋಷ. ಆದರೆ ನಮ್ಮ ಬೇಡಿಕೆ ಹೆಣದ ಬೆಲೆ ಏರಿಸಿ ಅಂತ ಅಲ್ಲ. ಈ ಗುಂಡಿಗೆ ಇಳಿಯುವ ತರಬೇತಿ ನಮಗೆ ಬೇಡ. ಮಷಿನ್ ಇಳಿಯಲಿ. ಗ್ಲೌಸು ಹಾಕಿದ ಮಾತ್ರಕ್ಕೆ ಜಾತಿ ಕಸುಬು ಉದ್ಯೋಗ ಆಗೋದಿಲ್ಲ.

ಕಾನೂನಿನ ಮಾತು ಸ್ವಲ್ಪ ಕೇಳಿ, ಕಷ್ಟ ಆದರೂ. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಹತ್ತಕ್ಕಿಂತ ಕಡಿಮೆ ಆಳು ಇರುವ ಕಟ್ಟಡ ಕೆಲಸಕ್ಕೆ ಸುರಕ್ಷತಾ ಸಂಹಿತೆ ಅನ್ವಯಿಸೋದಿಲ್ಲ. ಸ್ವಂತಕ್ಕೆ ಕಟ್ಟಿಸುವ ಮನೆಯಾದರೆ, 50 ಲಕ್ಷ ದಾಟುವ ತನಕ ಅದೂ ಹೊರಗೆ. ಹಳೇ 1996ರ ಕಾಯ್ದೆಯಲ್ಲಿ ಆ ಗೆರೆ 10 ಲಕ್ಷಕ್ಕಿತ್ತು. ನಮ್ಮ ಐದು ತಾಲ್ಲೂಕಿನಲ್ಲಿ 50 ಲಕ್ಷದ ಮನೆ ಎಷ್ಟಿವೆ, ಬೆರಳು ಮಡಚಿ ಎಣಿಸಿ. ಇನ್ಸ್‌ಪೆಕ್ಟರ್ ಈಗ ಬರೀ ಇನ್ಸ್‌ಪೆಕ್ಟರ್ ಅಲ್ಲ, 'ಇನ್ಸ್‌ಪೆಕ್ಟರ್ ಕಮ್ ಫೆಸಿಲಿಟೇಟರ್' ಅಂತೆ. ತಪ್ಪು ಹಿಡಿಯೋನಿಗೇ ಅನುಕೂಲ ಮಾಡಿಕೊಡೋ ಕೆಲಸವನ್ನೂ ಕೊಟ್ಟಿದ್ದಾರೆ. ಯಾರಿಗೆ ಅನುಕೂಲ?

ಅದೇ ಸಂಹಿತೆಯಲ್ಲಿ ಒಂದು ಎಳೆ ಇದೆ. ಜೀವಕ್ಕೆ ಕೂಡಲೇ ಅಪಾಯ ಇದೆ ಅನ್ನಿಸಿದರೆ ಕೆಲಸಗಾರ ಮಾಲೀಕನಿಗೂ ಈ ಅಧಿಕಾರಿಗೂ ತಿಳಿಸಬಹುದು. ಆದರೆ ತಿಳಿಸಿದ ದಿನದ ಕೂಲಿ? ಮೇಸ್ತ್ರಿಯಿಂದ ಮುಂಗಡ ತಗೊಂಡವನು ಬಾಯಿ ಬಿಡ್ತಾನಾ? "ನಾನು ಹತ್ತೋದಿಲ್ಲ" ಅಂದವನಿಗೆ ಆ ದಿನದ ಕೂಲಿ ಸಿಗಬೇಕು, ಮಾರನೇ ದಿನದ ಕೆಲಸ ಉಳಿಯಬೇಕು. ಅದಿಲ್ಲದ ತರಬೇತಿ ಬರೀ ಹರಿಕಥೆ.

ಹಾಸ್ಟೆಲಿನ ಗೋಡೆ ಮೇಲೆ ನೇತುಹಾಕಿದ್ದೀವಲ್ಲ ಬಾಬಾಸಾಹೇಬರನ್ನ, ಅವರು 1942ರಿಂದ 1946ರವರೆಗೆ ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ನೋಡಿದವರು. ಸಂವಿಧಾನದ 42ನೇ ವಿಧಿಯಲ್ಲಿ ಕೆಲಸದ ಜಾಗ ಮನುಷ್ಯರಿಗೆ ತಕ್ಕಂತಿರಬೇಕು ಅಂತಿದೆ. ಏಪ್ರಿಲ್ 14ಕ್ಕೆ ಹಾರ ಹಾಕುವಾಗ ಇದನ್ನೂ ಯಾರಾದರೂ ಓದಿ.

ಬರುವ ರಜಕ್ಕೆ ಪ್ರತಿ ಹಾಸ್ಟೆಲಿನಿಂದ ಇಬ್ಬರು ಬಸ್ ಸ್ಟ್ಯಾಂಡಿಗೆ ಹೋಗೋಣ. ಒಂದು ನಲವತ್ತು ಪುಟದ ನೋಟ್ ಪುಸ್ತಕ ಸಾಕು. ಗುಳೆ ಹೊರಟವರ ಹೆಸರು, ಯಾವ ಊರು, ಯಾವ ಕಟ್ಟಡ, ಯಾವ ಮೇಸ್ತ್ರಿ, ಅವನ ಫೋನ್ ನಂಬರ್ ಬರೆದುಕೊಳ್ಳಿ. ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ 18ರಿಂದ 60 ವರ್ಷದೊಳಗಿನ ಯಾರೂ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಬಹುದು. ಕಟ್ಟಡದ ವೆಚ್ಚದ ಶೇ. 1ರಷ್ಟು ಸೆಸ್ಸು ಅವರ ಹೆಸರಲ್ಲೇ ವಸೂಲಾಗೋದು. ಕಾರ್ಡು ಇಲ್ಲದವರ ಅರ್ಜಿ ಅಲ್ಲೇ ತುಂಬಿ. ಹೆಬ್ಬೆಟ್ಟು ಒತ್ತುವ ಮುಂಚೆ ಆ ಹಾಳೆಯಲ್ಲಿ ಏನು ಬರೆದಿದೆ ಅಂತ ಕೇಳಿ ಎಂದು ಹೇಳಿ. ಅವರು ಓದಿ ಹೇಳದಿದ್ದರೆ ಫೋಟೋ ತೆಗೆದು ನಿಮಗೆ ಕಳಿಸಲಿ, ರಾತ್ರಿ ಎಷ್ಟು ಹೊತ್ತಾದರೂ ಓದಿ ಹೇಳಿ. ನೋಟ್ ಪುಸ್ತಕ ವಾರ್ಡನ್ ಕೈಗೆ ಕೊಡಬೇಡಿ, ನಿಮ್ಮ ಟ್ರಂಕಿನಲ್ಲೇ ಇರಲಿ.