ಅರ್ಥವಾಗದ ಕಾಗದಕ್ಕೆ ಹೆಬ್ಬೆಟ್ಟು

ಹಿಂದೆ ಸಾಹುಕಾರನು ಚಾಚಿದ ಕಾಗದಕ್ಕೆ ಬಡವನು ಓದದೆ ಹೆಬ್ಬೆಟ್ಟು ಒತ್ತುತ್ತಿದ್ದನು. ಈಗ ಆ ಹೆಬ್ಬೆಟ್ಟು ಮೊಬೈಲಿನ ಗಾಜಿನ ಮೇಲೆ ಬೀಳುತ್ತಿದೆ. ‘ಒಪ್ಪಿದ್ದೇನೆ’ ಎಂಬ ಗುಂಡಿಯ ಮೇಲಿನ ಬರಹ ಯಾವ ಭಾಷೆಯದು? ಅನಂತಪುರ ಜಿಲ್ಲೆಯ ಬೆಳುಗುಪ್ಪ, ರಾಯದುರ್ಗಗಳ ಕನ್ನಡ ಮನೆಗಳಿಗೆ ಅದು ಸಾಮಾನ್ಯವಾಗಿ ತೆಲುಗು ಇಲ್ಲವೆ ಇಂಗ್ಲಿಷು. ನಮಗೆ ಮಲಯಾಳ ಇಲ್ಲವೆ ಇಂಗ್ಲಿಷು. 1953ರಲ್ಲಿ ರಾಯದುರ್ಗ ತಾಲೂಕು ಬಳ್ಳಾರಿ ಜಿಲ್ಲೆಯಿಂದ ಆಂಧ್ರಕ್ಕೆ ಹೋಯಿತು, 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. ರಾಜ್ಯಗಳು ಬೇರೆಯಾದರೂ ಕಷ್ಟ ಒಂದೇ.

ಖಾಸಗಿತನವೆಂಬುದು ಉಳ್ಳವರ ಶೋಕಿ ಎಂದು ಭಾವಿಸಬಾರದು. 2018ರಲ್ಲಿ ಆಂಧ್ರ ಪ್ರದೇಶದ ವಸತಿ ನಿಗಮದ ಜಾಲತಾಣದಲ್ಲಿ ಸುಮಾರು 1.3 ಲಕ್ಷ ಫಲಾನುಭವಿಗಳ ಆಧಾರ್ ಸಂಖ್ಯೆ, ಬೇಂಕ್ ಖಾತೆ, ಜಾತಿ, ಮತಗಳೆಲ್ಲ ಯಾರು ಬೇಕಾದರೂ ನೋಡುವಂತಿದ್ದುವು. ಅವರೆಲ್ಲ ಸರಕಾರದಿಂದ ಸೂರು ಬೇಡಿದ ಬಡವರು. ನಮ್ಮಲ್ಲಿಯೂ 2020ರಲ್ಲಿ ಕೊರೋನ ರೋಗಿಗಳ ಮಾಹಿತಿ ಅಮೆರಿಕದ ಸ್ಪ್ರಿಂಕ್ಲರ್ ಕಂಪೆನಿಯ ಕೈಸೇರಿದ ಬಗ್ಗೆ ವಿವಾದ ಎದ್ದಿತು. ಹೆಸರು, ಗುರುತುಗಳನ್ನು ಮರೆಮಾಡಿದ ಬಳಿಕವೇ ಮಾಹಿತಿ ಕೊಡಬೇಕು, ಮುಂದೆ ಜನರ ಒಪ್ಪಿಗೆ ಪಡೆಯಬೇಕು ಎಂದು ಕೇರಳ ಹೈಕೋರ್ಟು ಆ ವರ್ಷ ಎಪ್ರಿಲ್ 24ರಂದು ಮಧ್ಯಂತರ ಆದೇಶವಿತ್ತಿತು.

ಈ ಹಕ್ಕಿಗಾಗಿ ಸುಪ್ರೀಂ ಕೋರ್ಟಿನ ಮೆಟ್ಟಲೇರಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. 2012ರಲ್ಲಿ ಅವರು ಆಧಾರ್ ಯೋಜನೆಯನ್ನು ಪ್ರಶ್ನಿಸಿದಾಗ ವಯಸ್ಸು ಎಂಬತ್ತಾರು. 2017ರ ಆಗಸ್ಟ್ 24ರಂದು ಒಂಬತ್ತು ಮಂದಿ ನ್ಯಾಯಾಧೀಶರು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕೆಂದು ಸಾರಿದರು. 2024ರಲ್ಲಿ ತೀರಿಕೊಂಡ ಆ ಹಿರಿಯರು ಬಿಟ್ಟುಹೋದ ಆಸ್ತಿ ಇದು.

ಆ ತೀರ್ಪಿನ ಬೆನ್ನಿಗೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಬಂತು. ನಮ್ಮಂಥವರು ಗಮನಿಸಬೇಕಾದ ಅಂಶವೊಂದು ಅದರಲ್ಲಿದೆ. ಒಪ್ಪಿಗೆ ಕೇಳುವವರು ಸರಳ ಭಾಷೆಯಲ್ಲಿ ಕೇಳಬೇಕು. ಇಂಗ್ಲಿಷಿನಲ್ಲಾಗಲಿ, ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಾಗಲಿ ಓದುವ ಆಯ್ಕೆ ಕೊಡಬೇಕು. ಆ ಅನುಸೂಚಿಯಲ್ಲಿ ಕನ್ನಡವಿದೆ. ಓದುವವನು ಯಾವ ರಾಜ್ಯದವನೆಂದು ಕಾಯಿದೆ ಕೇಳುವುದಿಲ್ಲ. ಬೆಳುಗುಪ್ಪದ ರೈತನಿಗೂ ಮಂಜೇಶ್ವರದ ಗೃಹಿಣಿಗೂ ಹಕ್ಕು ಸಮಾನ. ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದುವು; ಒಪ್ಪಿಗೆಯ ಕಲಂಗಳ ಜಾರಿಗೆ ಹದಿನೆಂಟು ತಿಂಗಳ ಅವಧಿ ಇಡಲಾಯಿತು.

ಕೊರತೆ ಇಲ್ಲವೆಂದಲ್ಲ. ಸಹಾಯಧನ, ಸವಲತ್ತುಗಳ ವಿಷಯದಲ್ಲಿ ಸರಕಾರವು ಒಪ್ಪಿಗೆ ಇಲ್ಲದೆಯೂ ಮಾಹಿತಿ ಬಳಸಬಹುದು. ಬಡವನ ಮಾಹಿತಿ ಹೆಚ್ಚಾಗಿ ಬಿದ್ದಿರುವುದೇ ಅಲ್ಲಿ. ಈ ಬಾಗಿಲು ಇಷ್ಟು ಅಗಲ ಇರಬಾರದಿತ್ತು.

ಇಷ್ಟೆಲ್ಲ ಕನ್ನಡದಲ್ಲಿ ಕೇಳುವವರು ಎಷ್ಟು ಮಂದಿ, ಇದಕ್ಕೆ ವೃಥಾ ಖರ್ಚೇಕೆ ಎನ್ನುವವರು ಇರುತ್ತಾರೆ. ಕೇಳುವವರಿಲ್ಲದಿದ್ದರೆ ಅವರ ಮಾತೇ ನಿಜವಾಗುತ್ತದೆ. ಶಾಲೆಯಲ್ಲಿ ಕನ್ನಡ ಬೇಕು, ಬಸ್ಸಿನ ಫಲಕದಲ್ಲಿ ಕನ್ನಡ ಬೇಕು ಎಂದು ಕೂಗಿದ ನಾವು ಬೇಂಕಿನ ಕಿಂಡಿಯೆದುರು ಮೌನವಾಗಿ ಬೆರಳು ಒತ್ತಿ ಬರುತ್ತೇವೆ. ಸರಕಾರಿ ಕಚೇರಿಗೆ ಕನ್ನಡದಲ್ಲೇ ಅಹವಾಲು ಬರೆಯಲು ಸಂವಿಧಾನದ 350ನೇ ವಿಧಿ ಮೊದಲೇ ಅವಕಾಶ ಕೊಟ್ಟಿದೆ. ಬೇಂಕು, ಮೊಬೈಲ್ ಕಂಪೆನಿಗಳಿಗೂ ನಮ್ಮ ಸಂಘಗಳು ಈಗಲೇ ಬರೆಯಲಿ: ಒಪ್ಪಿಗೆಪತ್ರದ ಕನ್ನಡ ಪ್ರತಿ ಎಲ್ಲಿ?

ಓದಿ ತಿಳಿದು ಹಾಕಿದ ಸಹಿಗೆ ಮಾತ್ರ ಒಪ್ಪಿಗೆ ಎಂಬ ಹೆಸರು ಸಲ್ಲುತ್ತದೆ. ಉಳಿದುದೆಲ್ಲ ಹಳೆಯ ಹೆಬ್ಬೆಟ್ಟೇ.