ಧರ್ಮಪಾಠದಲ್ಲಿ ಸಂಯಮ: ನಮ್ಮ ಪಾಲಿನ ಕೆಲಸ

ಮದರಸಗಳಲ್ಲಿ ಏನನ್ನು ಬೋಧಿಸುತ್ತಾರೆ ಎಂಬ ಪ್ರಶ್ನೆ ನಮ್ಮ ಕಥೋಲಿಕ ಕುಟುಂಬಗಳಲ್ಲಿಯೂ ಆಗಾಗ ಕೇಳಿಬರುತ್ತದೆ. ಪ್ರಶ್ನೆ ತಪ್ಪಲ್ಲ, ಉತ್ತರವನ್ನು ವದಂತಿಗಳಿಂದ ಪಡೆಯುವುದು ತಪ್ಪು. 2006ರ ಸಾಚಾರ್ ಸಮಿತಿಯ ವರದಿಯಂತೆ, ಓದುತ್ತಿರುವ ಮುಸ್ಲಿಂ ಮಕ್ಕಳಲ್ಲಿ ಮದರಸಗಳಿಗೆ ದಾಖಲಾದವರು ನೂರಕ್ಕೆ ಸುಮಾರು ನಾಲ್ವರು. ಮಿಕ್ಕವರು ಸಾಮಾನ್ಯ ಶಾಲೆಗಳಲ್ಲಿದ್ದಾರೆ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳಲ್ಲಿ ನಮ್ಮ ಮಕ್ಕಳ ಪಕ್ಕದಲ್ಲಿಯೇ ಕುಳಿತಿದ್ದಾರೆ.

ಮುಸ್ಲಿಮರೇ ಬಹುಸಂಖ್ಯಾತರಾದ ಇಂಡೋನೇಷ್ಯಾದಲ್ಲಿ ಈ ವಿಷಯವನ್ನು ಸರ್ಕಾರವೇ ಕೈಗೆತ್ತಿಕೊಂಡಿತು. ಅಲ್ಲಿನ ಧಾರ್ಮಿಕ ವ್ಯವಹಾರಗಳ ಸಚಿವಾಲಯವು 2019ರಿಂದೀಚೆಗೆ ಪ್ರೌಢ ಮದರಸಗಳಲ್ಲಿಯೂ ಧಾರ್ಮಿಕ ಸಂಯಮದ ಬೋಧನೆಗೆ ಒತ್ತು ನೀಡಿತು. ದೇಶನಿಷ್ಠೆ, ಪರಮತ ಸಹಿಷ್ಣುತೆ, ಹಿಂಸೆಯ ನಿರಾಕರಣೆ, ಸ್ಥಳೀಯ ಸಂಪ್ರದಾಯಗಳಿಗೆ ಮನ್ನಣೆ ಎಂಬ ನಾಲ್ಕು ಗುರುತುಗಳನ್ನು ಹೇಳಿತು. ಜಕಾರ್ತದ ಇಸ್ತಿಕ್ಲಾಲ್ ಮಸೀದಿಗೂ ಎದುರಿನ ನಮ್ಮ ಪ್ರಧಾನಾಲಯಕ್ಕೂ ನಡುವೆ 'ಗೆಳೆತನದ ಸುರಂಗ'ವಿದೆ. ದಿವಂಗತ ಪೋಪ್ ಫ್ರಾನ್ಸಿಸರು 2024ರ ಸೆಪ್ಟೆಂಬರ್ 5ರಂದು ಅಲ್ಲಿಗೆ ಭೇಟಿಯಿತ್ತರು. ಅಂದಹಾಗೆ, ಆ ಮಸೀದಿಯ ನಕ್ಷೆ ರಚಿಸಿದ ಫ್ರೆಡ್ರಿಕ್ ಸಿಲಾಬಾನ್ ಕ್ರೈಸ್ತರು.

ಇಸ್ಲಾಮೀ ಶಾಲೆಗಳಿಂದ ಇಷ್ಟನ್ನು ಬಯಸುವ ನಾವು ನಮ್ಮ ಧರ್ಮೋಪದೇಶ ತರಗತಿಯನ್ನೂ ಅದೇ ಅಳತೆಗೋಲಿನಿಂದ ಅಳೆಯಬೇಡವೇ? ಧರ್ಮಸಭೆಯು ಮುಸ್ಲಿಮರನ್ನು ಗೌರವದಿಂದ ಕಾಣುತ್ತದೆ ಎಂದು ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿಯೇ ಘೋಷಿಸಿತು. ದೃಢೀಕರಣ ಸಂಸ್ಕಾರ ಪಡೆಯುವ ನಮ್ಮ ಮಕ್ಕಳಲ್ಲಿ ಎಷ್ಟು ಮಂದಿಗೆ ಇದು ತಿಳಿದಿದೆ? ತಂದೆತಾಯಿಗಳಿಗಾದರೂ ತಿಳಿದಿದೆಯೇ?

2022ರ ಡಿಸೆಂಬರ್ 27ರಂದು ಪಿರಿಯಾಪಟ್ಟಣದ ಸಂತ ಮರಿಯಮ್ಮನವರ ದೇವಾಲಯದಲ್ಲಿ ಬಾಲಯೇಸುವಿನ ಪ್ರತಿಮೆಯನ್ನು ಭಗ್ನಗೊಳಿಸಲಾಯಿತು. ಇಂಥ ನೋವಿನ ಗಳಿಗೆಯಲ್ಲಿ, ತನಿಖೆಗೂ ಮುನ್ನವೇ, ಊಟದ ಹೊತ್ತಿನಲ್ಲಿ ಮಕ್ಕಳೆದುರು ನಾವು ಯಾವ ಸಮುದಾಯದತ್ತ ಬೊಟ್ಟು ಮಾಡುತ್ತೇವೆಯೋ, ಮಗು ಕಲಿಯುವ ಧರ್ಮಪಾಠ ಅದೇ. ಭಾನುವಾರದ ಒಂದು ಗಂಟೆಯ ಉಪದೇಶ ಅದನ್ನು ಅಳಿಸಲಾರದು.

ಸಂಯಮವೆಂದರೆ ವಿಶ್ವಾಸವನ್ನು ತೆಳುಮಾಡುವುದಲ್ಲ. ಎಲ್ಲ ಧರ್ಮಗಳೂ ಒಂದೇ ಎಂಬ ಸೋಮಾರಿ ಮಾತು ನಮಗೂ ಬೇಡ, ಮುಸ್ಲಿಂ ಬಾಂಧವರಿಗೂ ಬೇಡ. ಕೃಷ್ಣರಾಜನಗರ ತಾಲ್ಲೂಕಿನ ಡೋರನಹಳ್ಳಿಯಲ್ಲಿ ಸಂತ ಅಂತೋಣಿಯವರಿಗೆ ಹರಕೆ ಹೊತ್ತು ಬರುವ ಅನ್ಯಧರ್ಮೀಯರು ತಮ್ಮ ಧರ್ಮವನ್ನು ಬಿಟ್ಟು ಬಂದವರಲ್ಲ. ನಾವೂ ಬಿಡೆಂದು ಕೇಳಿದವರಲ್ಲ.

ನಮ್ಮ ಶಾಲೆಗಳಲ್ಲಿ ಕಥೋಲಿಕ ಮಕ್ಕಳು ಧರ್ಮೋಪದೇಶಕ್ಕೆ, ಇತರರು ನೀತಿಪಾಠಕ್ಕೆ ಬೇರೆಬೇರೆಯಾಗಿ ಹೋಗುವುದು ವಾಡಿಕೆ. ಈ ಏರ್ಪಾಡು ನ್ಯಾಯವಾದುದೇ. ಸರ್ಕಾರದ ಮಾನ್ಯತೆ ಅಥವಾ ನೆರವು ಪಡೆದ ಶಾಲೆಯಲ್ಲಿ ಪೋಷಕರ ಒಪ್ಪಿಗೆಯಿಲ್ಲದೆ ಯಾವ ಮಗುವನ್ನೂ ಧರ್ಮಬೋಧೆಗೆ ಕೂರಿಸಬಾರದೆಂದು ಸಂವಿಧಾನದ 28ನೇ ವಿಧಿ ಹೇಳುತ್ತದೆ. ಆದರೆ ತಿಂಗಳಿಗೊಂದು ಅವಧಿ ಎಲ್ಲರೂ ಒಟ್ಟಿಗೆ ಕುಳಿತು, ರಂಜಾನ್ ಉಪವಾಸವನ್ನು ಅದನ್ನು ಆಚರಿಸುವ ಮಗುವಿನ ಬಾಯಿಂದಲೇ, ತಪಸ್ಸುಕಾಲವನ್ನು ನಮ್ಮ ಮಗುವಿನಿಂದ, ಬೈಲುಕುಪ್ಪೆಯ ಬೌದ್ಧರ ಹಬ್ಬವನ್ನು ಟಿಬೆಟನ್ ಮಗುವಿನಿಂದ ಕೇಳಲು ಯಾವ ಅಡ್ಡಿಯೂ ಇಲ್ಲ. ಹೊಸ ಶಾಲಾ ವರ್ಷದ ವೇಳಾಪಟ್ಟಿ ಸಿದ್ಧವಾಗುವ ಮುನ್ನ ಪೂಜ್ಯ ಗುರುಗಳೂ ಭಗಿನಿಯರೂ ಪೋಷಕರೊಡನೆ ಕುಳಿತು ಇದನ್ನು ನಿರ್ಧರಿಸಲಿ.